ಕೌದಿಯ ಅಂಚು

ಯಲಹಂಕ ಉಪನಗರದ ನಮ್ಮ ಮನೆಯಿಂದ ದೊಡ್ಡಬಳ್ಳಾಪುರದ ರಸ್ತೆಯ ಕಡೆಗೆ ತಿರುಗಿದರೆ ಹಲವು ಅಂತಸ್ತಿನ ವಸತಿ ಕಟ್ಟಡವೊಂದು ಏಳುತ್ತಿರುವುದು ಕಾಣುತ್ತದೆ. ಅದರ ಮಗ್ಗುಲಿಗೆ ತಗಡಿನ ಗುಡಿಸಲುಗಳ ಒಂದು ಸಾಲು. ಅಲ್ಲಿರುವವರು ರಾಯಚೂರು, ಯಾದಗಿರಿ, ಕೊಪ್ಪಳದ ಸೀಮೆಯಿಂದ ಗಾರೆಯ ಕೆಲಸಕ್ಕೆ ಬಂದ ಕುಟುಂಬಗಳು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಪ್ರಾರಂಭವಾದಂದಿನಿಂದ ಹೆಬ್ಬಾಳದ ಇತ್ತಣ ಈ ಸೀಮೆಯಲ್ಲಿ ಇಂಥ ಸಾಲುಗಳು ಒಂದೆಡೆ ಅಳಿದರೆ ಇನ್ನೊಂದೆಡೆ ಹುಟ್ಟಿಕೊಳ್ಳುತ್ತಿವೆ. ಭಾನುವಾರ ಬೆಳಿಗ್ಗೆ ಅತ್ತ ನಡೆದುಹೋದರೆ ಬೇಲಿಯ ತಂತಿಯ ಮೇಲೆ ಒಗೆದು ಹರವಿದ ಕೌದಿಗಳನ್ನು ನೋಡಬಹುದು. ಇಳಕಲ್ಲಿನ ಬಳಿಯ ಹಳ್ಳಿಯೊಂದರಲ್ಲಿ ಹುಟ್ಟಿ, ನಾಲ್ಕು ದಶಕಗಳಿಂದ ಬೆಂಗಳೂರಿನಲ್ಲಿ ಬೇರೂರಿರುವ ನನಗೆ ಆ ಬೇಲಿಯ ಬಳಿ ಕಾಲು ತಾನಾಗಿ ನಿಧಾನವಾಗುತ್ತದೆ.

ಕೌದಿಯನ್ನು ಕಂಡವರು ಸಾಮಾನ್ಯವಾಗಿ ಅದರ ನಡುವನ್ನು ನೋಡುತ್ತಾರೆ. ಕೆಂಪಿನ ಪಕ್ಕದಲ್ಲಿ ಹಸಿರು, ಹಸಿರಿನ ಪಕ್ಕದಲ್ಲಿ ಮಾಸಿದ ಹಳದಿ ಎಂದು ಬಣ್ಣಗಳನ್ನು ಮೆಚ್ಚುತ್ತಾರೆ. ಹೊಲಿದವರು ಮಾತ್ರ ಮೊದಲು ನೋಡುವುದು ಅಂಚನ್ನು. ಕೌದಿ ಹರಿಯಲು ಆರಂಭಿಸುವುದು ಅಲ್ಲಿಂದಲೇ. ಮೈಮೇಲೆ ಎಳೆದುಕೊಳ್ಳುವಾಗ ಕೈ ಹಿಡಿಯುವುದು ಅಂಚನ್ನು. ಒಗೆದು ಹಿಂಡುವಾಗ ತಿರುಚುವುದು ಅಂಚನ್ನು. ನಿದ್ದೆ ಬಾರದ ಮಗು ಬಾಯಿಗಿಟ್ಟುಕೊಳ್ಳುವುದೂ ಅಂಚನ್ನೇ. ಈ ಹೊತ್ತು ಕೌದಿಯ ಆ ನಾಲ್ಕು ಬೆರಳಿನ ಅಂಚನ್ನು ಕುರಿತು ಕೆಲವು ಮಾತುಗಳನ್ನು ಕೇಳುಗರೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ. ವಿಷಯ ಸಣ್ಣದೆಂದು ತೋರಬಹುದು. ನನಗೂ ಬಹುಕಾಲ ಹಾಗೆಯೇ ತೋರಿತ್ತು.

ಬಟ್ಟೆಗೆ ಅಂಚು ಹುಟ್ಟಿನಿಂದಲೇ ಬಂದದ್ದು. ಮಗ್ಗದ ಮೇಲೆ ಹಾಸಿನ ಎಳೆಗಳ ನಡುವೆ ಲಾಳಿ ಅತ್ತಿಂದಿತ್ತ ಓಡಾಡುತ್ತದೆ. ಹೊಕ್ಕಿನ ಎಳೆ ಕಟ್ಟಕಡೆಯ ಹಾಸಿನ ಎಳೆಯನ್ನು ಬಳಸಿಕೊಂಡು ಹಿಂದಿರುಗುವ ಆ ತಿರುವೇ ಅಂಚು. ಸೀರೆ, ಧೋತರ, ಪಂಚೆ, ಮೇಲುಹೊದಿಕೆ — ನಮ್ಮ ಹಳೆಯ ಉಡುಗೆಗಳಲ್ಲಿ ಬಹುಪಾಲು ಮಗ್ಗದಿಂದ ಇಳಿದಂತೆಯೇ ಮೈಗೆ ಬಂದವು. ಅವುಗಳ ಉದ್ದದ ಬದಿಗಳಿಗೆ ಬೇರೆ ಕಾವಲು ಬೇಕಿರಲಿಲ್ಲ. ಕತ್ತರಿ ಬಿದ್ದಾಗ ಕಥೆ ಬದಲಾಗುತ್ತದೆ. ಕತ್ತರಿಸಿದ ಬದಿಯಲ್ಲಿ ಎಳೆಗಳಿಗೆ ಹಿಂದಿರುಗುವ ದಾರಿಯಿಲ್ಲ. ಒಂದೊಂದಾಗಿ ಹೊರಗೆ ಜಾರುತ್ತವೆ. ನೇಕಾರ ಕೊಟ್ಟ ಅಂಚನ್ನು ಕತ್ತರಿ ಕಿತ್ತುಕೊಂಡಾಗ ಅದನ್ನು ಸೂಜಿ ಮರಳಿ ಕಟ್ಟಿಕೊಡಬೇಕಾಗುತ್ತದೆ. ಅಂಚಿಗೆ ಪಟ್ಟಿ ಹಚ್ಚುವ ಕೆಲಸದ ಮೂಲ ಇರುವುದು ಇಲ್ಲಿಯೇ.

ಈ ಕೆಲಸಕ್ಕೆ ನಮ್ಮ ದೇಶದಲ್ಲಿ ಬಹಳ ಹಳೆಯದೊಂದು ಸಾಕ್ಷ್ಯವಿದೆ. ಅದು ದೊರೆಯುವುದು ಬೌದ್ಧರ ವಿನಯಪಿಟಕದಲ್ಲಿ. ಮಹಾವಗ್ಗದಲ್ಲಿ ಚೀವರವನ್ನು, ಎಂದರೆ ಭಿಕ್ಷುಗಳ ಉಡುಗೆಯನ್ನು ಕುರಿತ ಒಂದು ಅಧ್ಯಾಯವೇ ಇದೆ. ಬುದ್ಧನು ದಕ್ಷಿಣಾಗಿರಿಯ ಕಡೆಗೆ ಹೋಗುವಾಗ ಮಗಧದ ಗದ್ದೆಗಳನ್ನು ಕಂಡನಂತೆ. ಬದುಗಳಿಂದ ಬೇರೆಬೇರೆಯಾಗಿ, ಸಾಲುಸಾಲಾಗಿ, ಚೌಕಚೌಕವಾಗಿ ಹರಡಿದ್ದ ಆ ಗದ್ದೆಗಳನ್ನು ತೋರಿಸಿ, ಭಿಕ್ಷುಗಳಿಗೆ ಹೀಗೆ ಉಡುಗೆಯನ್ನು ಮಾಡಿಕೊಡಬಲ್ಲೆಯಾ ಎಂದು ಆನಂದನನ್ನು ಕೇಳಿದನು. ಆನಂದನು ಬಟ್ಟೆಯನ್ನು ತುಂಡುತುಂಡಾಗಿ ಕತ್ತರಿಸಿ ಜೋಡಿಸಿ ತಂದು ತೋರಿಸಿ ಮೆಚ್ಚುಗೆಯನ್ನು ಪಡೆದನು. ಕತ್ತರಿಸಿದ್ದೇಕೆ? ಇಡಿಯ ಬಟ್ಟೆಗೆ ಬೆಲೆಯುಂಟು. ತುಂಡು ಮಾಡಿ ಹೊಲಿದದ್ದು ಶ್ರಮಣರಿಗೆ ಒಪ್ಪುವಂಥದು, ಪರರು ಆಸೆಪಡದಂಥದು ಎಂದು ಅಲ್ಲಿಯೇ ಕಾರಣವನ್ನೂ ಹೇಳಿದೆ. ತ್ಯಾಗದ ಗುರುತು ಕತ್ತರಿಯಿಂದ ಬಂದಿತು ಎಂದಾಯಿತು.

ಆದರೆ ಎಳೆ ಎಳೆಯೇ. ಅದೇ ಅಧ್ಯಾಯದಲ್ಲಿ ಮುಂದೆ, ಚೀವರದ ನೂಲು ಬಿಚ್ಚಿಕೊಳ್ಳುತ್ತಿದೆಯೆಂಬ ದೂರು ಬರುತ್ತದೆ. ಅದಕ್ಕೆ ಪರಿಹಾರವಾಗಿ ಸುತ್ತಲೂ ಪಟ್ಟಿಯನ್ನು ಹಚ್ಚಿಕೊಳ್ಳಲು ಅನುಮತಿ ದೊರೆಯುತ್ತದೆ. ಆ ಪಟ್ಟಿಗೆ ಪಾಲಿ ಭಾಷೆಯಲ್ಲಿ ‘ಅನುವಾತ’ ಎಂದು ಹೆಸರು. ಎಲ್ಲವನ್ನೂ ಬಿಟ್ಟು ಹೊರಟವರ ಧರ್ಮಗ್ರಂಥದಲ್ಲಿ, ಬಟ್ಟೆಯ ಅಂಚು ಹರಿಯದಂತೆ ಏನು ಮಾಡಬೇಕೆಂಬ ವಿಚಾರಕ್ಕೂ ಒಂದು ಸ್ಥಳ ಸಿಕ್ಕಿದೆ! ಇದನ್ನು ಓದಿದಾಗ ನನಗೆ ಆದ ಸಂತೋಷ ಇಷ್ಟೆಂದು ಹೇಳಲಾರೆ. ಮಸ್ಕಿ, ಕೊಪ್ಪಳ, ಬ್ರಹ್ಮಗಿರಿಗಳಲ್ಲಿ ಅಶೋಕನ ಶಾಸನಗಳಿವೆ. ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ ಮಹಾಸ್ತೂಪದ ಅವಶೇಷಗಳಿವೆ. ಇಂದು ಯಾವ ಸೀಮೆಯನ್ನು ಕೌದಿಯ ಸೀಮೆ ಎನ್ನುತ್ತೇವೆಯೋ ಅದೇ ನೆಲದ ಮೇಲೆ ಒಂದು ಕಾಲಕ್ಕೆ ಈ ತೇಪೆಯ ಚೀವರಗಳೂ ನಡೆದಾಡಿದ್ದವು. ಕೌದಿ ಚೀವರದಿಂದ ಹುಟ್ಟಿತು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವ ಚಪಲ ನಮ್ಮಂಥ ಮೇಷ್ಟರುಗಳಿಗೆ ಸಹಜವಾದರೂ, ಹರಿದ ಬಟ್ಟೆಯನ್ನು ಕೂಡಿಸಲು ಯಾವ ತಾಯಿಗೂ ಧರ್ಮಗ್ರಂಥದ ಅಪ್ಪಣೆ ಬೇಕಾಗಿರಲಾರದು.

ಕನ್ನಡದಲ್ಲಿ ಈ ವಸ್ತುವಿಗೆ ಇರುವ ಹೆಸರುಗಳನ್ನು ನೋಡಿ. ಕೌದಿ, ಕವುದಿ, ಕಂತೆ, ಬೊಂತೆ. ‘ಕಂಥಾ’ ಎಂಬ ಸಂಸ್ಕೃತ ಶಬ್ದ ನಮ್ಮಲ್ಲಿ ಕಂತೆಯಾಯಿತು. ಬಂಗಾಳದಲ್ಲಿ ಕಾಂಥಾ ಆಗಿ ಕಸೂತಿಯ ಕೀರ್ತಿಯನ್ನು ಪಡೆಯಿತು. ‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆಯನ್ನು ನಾವು ಹಾಸ್ಯಕ್ಕೆಂದೇ ಬಳಸುತ್ತೇವೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಬೊಂತಾದೇವಿ ಎಂಬಾಕೆ ಇದ್ದಳು. ಕಾಶ್ಮೀರದ ಅರಸುಮಗಳಾಗಿದ್ದು, ಎಲ್ಲವನ್ನೂ ತೊರೆದು, ಶಿವನು ಕೊಟ್ಟ ಬೊಂತೆಯೊಂದನ್ನೇ ಹೊದೆದು ಕಲ್ಯಾಣಕ್ಕೆ ಬಂದಳೆಂದು ಪರಂಪರೆ ಹೇಳುತ್ತದೆ. ‘ಬಿಡಾಡಿ’ ಎಂಬುದು ಆಕೆಯ ವಚನಗಳ ಅಂಕಿತ. ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರನೂ ಇದ್ದಾನೆ. ಆತನ ಕಾಯಕವೇ ಆತನ ಹೆಸರಾಯಿತು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ತರಗತಿಯಲ್ಲಿ ಬೊಂತಾದೇವಿಯ ಹೆಸರು ಬಂದಾಗಲೆಲ್ಲ ‘ಬೊಂತೆ ಎಂದರೆ ಚಿಂದಿಬಟ್ಟೆ, ವೈರಾಗ್ಯದ ಸಂಕೇತ’ ಎಂದು ಬರೆಯಿಸಿ ಮುಂದಕ್ಕೆ ಹೋಗುತ್ತಿದ್ದೆ. ಚಿಂದಿ ಬೇರೆ, ಬೊಂತೆ ಬೇರೆ. ಚಿಂದಿಯನ್ನು ಆಯ್ದು, ಒಂದರ ಮೇಲೊಂದು ಹಾಸಿ, ಕೂಡಿಸಿ ಹೊಲಿದು, ಅಂಚನ್ನು ಕಟ್ಟಿದರೆ ತಾನೆ ಬೊಂತೆ? ಬೊಂತೆ ಹೊದೆದವರ ವೈರಾಗ್ಯವನ್ನು ನಮ್ಮ ಸಾಹಿತ್ಯ ಹಾಡಿ ಹೊಗಳಿದೆ. ಹೊಲಿದವರ ಕೈಯನ್ನು ಅಷ್ಟಾಗಿ ವಿಚಾರಿಸಿಲ್ಲ. ಮೂವತ್ತಕ್ಕೂ ಮಿಕ್ಕು ವರ್ಷ ಪಾಠ ಹೇಳಿದ ನಾನು, ಅದೂ ಕೌದಿಯ ಮೇಲೆಯೇ ಮಲಗಿ ಬೆಳೆದವನು, ಈ ವ್ಯತ್ಯಾಸವನ್ನು ಕಾಣಲಿಲ್ಲ.

ನನಗಿರುವ ಕೌದಿಯನ್ನು ನಮ್ಮ ಅವ್ವ 1968ರ ಬೇಸಗೆಯಲ್ಲಿ ಹೊಲಿದಳು. ಸುಗ್ಗಿ ಮುಗಿದು ಮಳೆ ಬರುವುದರೊಳಗಿನ ಬಿಡುವು ನಮ್ಮ ಕಡೆ ಕೌದಿಯ ಕಾಲ. ಓಣಿಯ ಹೆಂಗಸರು ಊಟವಾದ ಮೇಲೆ ಪಡಸಾಲೆಯಲ್ಲಿ ಸೇರುತ್ತಿದ್ದರು. ಹೊಲಿದುಕೊಡಲು ಗೋಂಧಳಿಯವರ ಹೆಂಗಸರೂ ಊರೂರು ತಿರುಗುತ್ತ ಬರುತ್ತಿದ್ದರು. ಅವ್ವ ಮಾತ್ರ ತನ್ನ ಕೌದಿಯನ್ನು ಇನ್ನೊಬ್ಬರ ಕೈಗೆ ಕೊಟ್ಟವಳಲ್ಲ. ಅಡಿಗೆ ಅಪ್ಪನ ಎರಡು ಧೋತರ, ಮೇಲೆ ಹಳೆಯ ಸೀರೆಗಳ ತುಂಡು. ನಡುನಡುವೆ ನನ್ನ ಮತ್ತು ತಂಗಿಯ ಗಿಡ್ಡವಾದ ಅಂಗಿಗಳು. ಮೊದಲು ದೊಡ್ಡ ದೊಡ್ಡ ಹೊಲಿಗೆ ಹಾಕಿ ಪದರಗಳನ್ನು ಹಿಡಿದಿಡುವುದು, ಆಮೇಲೆ ಬೆರಳಗಲಕ್ಕೊಂದರಂತೆ ಸಾಲುಹೊಲಿಗೆ. ಎರಡು ತಿಂಗಳು ಹಿಡಿಯಿತು. ಎಲ್ಲ ಮುಗಿದ ಮೇಲೆ ಅಂಚು.

ಅಂಚಿಗೆ ಅವ್ವ ಆರಿಸುತ್ತಿದ್ದುದು ಇಳಕಲ್ಲ ಸೀರೆಯ ದಡಿಯನ್ನು. ಇದರಲ್ಲಿ ಒಂದು ಲೆಕ್ಕಾಚಾರವಿತ್ತು. ಏಳು ಅಡಿ ಉದ್ದ, ಐದು ಅಡಿ ಅಗಲದ ಕೌದಿಗೆ ಸುತ್ತಳತೆ ಇಪ್ಪತ್ತನಾಲ್ಕು ಅಡಿ, ಹದಿನಾರು ಮೊಳ. ಎಂಟು ಗಜದ ಸೀರೆಯ ಒಂದು ಬದಿಯ ದಡಿಯೂ ಸರಿಯಾಗಿ ಅಷ್ಟೇ. ಮೂಲೆಗಳನ್ನು ಮಡಿಸಲು, ತುದಿಗಳನ್ನು ಕೂಡಿಸಲು ಬೇಕಾಗುವ ಒಂದು ಮೊಳವನ್ನು ಇನ್ನೊಂದು ಬದಿಯ ದಡಿಯಿಂದ ತೆಗೆದುಕೊಳ್ಳಬೇಕು. ಸೀರೆಯ ಒಡಲು ಸವೆದು ಜಾಳಾದಾಗಲೂ ದಡಿ ಗಟ್ಟಿಯಾಗಿರುತ್ತದೆ, ಏಕೆಂದರೆ ಅಲ್ಲಿ ಎಳೆ ದಟ್ಟ. ಚಿಕ್ಕಿ ಪರಾಸ, ಗೋಮಿ, ಗಾಡಿ ಎಂದು ಅದಕ್ಕೆ ಹತ್ತು ಬಗೆ. ನನ್ನ ಕೌದಿಗೆ ಬಂದದ್ದು ಹಸಿರು ಗೋಮಿ ದಡಿ.

ಹಚ್ಚುವ ಕ್ರಮ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮೊದಲು ಕೌದಿಯ ನಾಲ್ಕು ಬದಿಗಳನ್ನೂ ದಾರ ಹಿಡಿದು ನೇರಮಾಡಿ, ಹೆಚ್ಚಾದುದನ್ನು ಕತ್ತರಿಸುವುದು. ಸೊಟ್ಟ ಅಂಚಿಗೆ ಎಷ್ಟು ಚೆಂದದ ಪಟ್ಟಿ ಹಚ್ಚಿದರೂ ಸೊಟ್ಟವೇ. ಬಳಿಕ ದಡಿಯನ್ನು ಕೌದಿಯ ಮುಖದ ಮೇಲೆ ಮಗುಚಿ ಇಟ್ಟು, ದಡಿಯ ಕತ್ತರಿಸಿದ ಬದಿ ಕೌದಿಯ ಬದಿಗೆ ಕೂಡುವಂತೆ ಹಿಡಿದು, ಒಂದು ಬೆರಳು ಒಳಗೆ ಹೊಲಿಯುತ್ತ ಹೋಗುವುದು. ಎಳೆದು ಹಿಡಿಯಕೂಡದು, ಸಡಿಲವೂ ಬಿಡಕೂಡದು. ಮೂಲೆಗೆ ಒಂದು ಬೆರಳು ಇದೆ ಎನ್ನುವಾಗ ನಿಲ್ಲಿಸಿ ಗಂಟು. ದಡಿಯನ್ನು ಮೇಲಕ್ಕೆ ಓರೆಯಾಗಿ ಮಡಿಸಿ, ಮತ್ತೆ ಕೆಳಕ್ಕೆ ಇಳಿಸಿದರೆ ಮೂಲೆಯಲ್ಲಿ ಒಂದು ಸಣ್ಣ ಕಿವಿ ಏಳುತ್ತದೆ. ಆ ಕಿವಿಯನ್ನು ಹೊಲಿಗೆಯೊಳಗೆ ಸಿಕ್ಕಿಸದೆ ಬಿಟ್ಟು ಮುಂದಿನ ಬದಿಯನ್ನು ಹಿಡಿಯಬೇಕು. ಸುತ್ತಿ ಬಂದ ಮೇಲೆ ಎರಡು ತುದಿಗಳನ್ನು ಓರೆಯಾಗಿ ಕತ್ತರಿಸಿ ಕೂಡಿಸುವುದು. ನೇರವಾಗಿ ಕೂಡಿಸಿದರೆ ಗಂಟು ಒಂದೇ ಕಡೆ ಉಬ್ಬಿ ನಿಲ್ಲುತ್ತದೆ. ಆ ಜೋಡಣೆ ಮೂಲೆಯಲ್ಲಿ ಬರಬಾರದು, ತಲೆಯ ಕಡೆಯೂ ಬರಬಾರದು. ಕಡೆಗೆ ದಡಿಯನ್ನು ಹಿಂಬದಿಗೆ ಹೊರಳಿಸುವುದು. ದಡಿಯ ಹೊರಬದಿ ನೇಕಾರನೇ ಕೊಟ್ಟ ಅಂಚಾದ್ದರಿಂದ ಅದನ್ನು ಒಳಕ್ಕೆ ಮಡಿಸಬೇಕಾಗಿಲ್ಲ, ಚಪ್ಪಟೆಯಾಗಿ ಕೂರುತ್ತದೆ. ಹೊರಳಿಸಿದಾಗ ಮೂಲೆಯ ಕಿವಿ ತಾನಾಗಿ ಓರೆಮಡಿಕೆಯಾಗುತ್ತದೆ. ಅದನ್ನು ಕಣ್ಣಿಗೆ ಕಾಣದಂಥ ಸಣ್ಣ ಓರೆಹೊಲಿಗೆಯಿಂದ ಹಿಡಿಯುವುದು. ‘ಮೂಲಿ ನೋಡಿದ್ರ ಮನಿ ಹೆಂಗಸಿನ ಗುಣ ಗೊತ್ತಾಗ್ತದ’ ಎಂದು ಅವ್ವ ಅನ್ನುತ್ತಿದ್ದಳು. ನೆರೆಮನೆಯವರ ಮೂಲೆಗಳನ್ನು ನೋಡಿ ಆಕೆ ಆಡುತ್ತಿದ್ದ ಮಾತುಗಳನ್ನು ಇಲ್ಲಿ ಹೇಳುವುದು ಉಚಿತವಲ್ಲ.

ಅಂಚು ಕೊನೆಯ ಕೆಲಸವೆಂದೇ ನಾನು ತಿಳಿದಿದ್ದೆ. ನಮ್ಮ ನಾಡಿನಲ್ಲಿಯೇ ಅದು ಮೊದಲ ಕೆಲಸವಾಗಿರುವ ಕಡೆಯೂ ಒಂದಿದೆ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡುಗಳ ನಡುವೆ ಸಿದ್ದಿ ಜನಾಂಗದವರಿದ್ದಾರೆ. ಅವರ ಪೂರ್ವಜರು ಆಫ್ರಿಕಾದ ಮೂಡಣ ತೀರದಿಂದ ಬಂದವರು. ಅನೇಕರು ಪೋರ್ಚುಗೀಸರ ಗೋವೆಯಲ್ಲಿ ಗುಲಾಮರಾಗಿದ್ದು ತಪ್ಪಿಸಿಕೊಂಡು ಕಾಡು ಸೇರಿದವರು. 2003ರಲ್ಲಿ ಆ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಅವರ ಹೆಂಗಸರು ಹೊಲಿಯುವ ಕೌದಿಯನ್ನು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂಯಲ್ ವಿವರವಾಗಿ ಅಧ್ಯಯನ ಮಾಡಿದ್ದಾರೆ. ಸಿದ್ದಿ ಹೆಂಗಸು ಹೊಲಿಗೆಯನ್ನು ಆರಂಭಿಸುವುದು ಹೊರಗಿನ ಮೂಲೆಯಿಂದ. ಬದಿಯ ಬಟ್ಟೆಯನ್ನು ಒಳಕ್ಕೆ ಮಡಿಸಿ ಅಂಚನ್ನು ಭದ್ರಮಾಡಿಕೊಂಡು, ತೇಪೆಗಳನ್ನು ಇಡುತ್ತ ಸುತ್ತುಸುತ್ತಾಗಿ ನಡುವಿಗೆ ಬರುತ್ತಾಳೆ. ನಮ್ಮವ್ವನ ಕೌದಿ ಅಂಚಿನಲ್ಲಿ ಮುಗಿದರೆ ಅವರದು ಅಂಚಿನಿಂದ ಹೊರಟು ನಡುವಿನಲ್ಲಿ ಮುಗಿಯುತ್ತದೆ. ನಾಲ್ಕು ಮೂಲೆಗಳಿಗೆ ಬಟ್ಟೆಯನ್ನು ಮುಕ್ಕೋಣವಾಗಿ ಮಡಿಸಿ ‘ಫುಲ’, ಎಂದರೆ ಹೂವುಗಳನ್ನು ಕೂಡಿಸುತ್ತಾರೆ. ಅವುಗಳಿಂದ ಬೆಚ್ಚಗಾಗುವುದೇನಿಲ್ಲ. ಆದರೆ ಅವಿಲ್ಲದ ಕೌದಿ ಬೆತ್ತಲೆ ಎಂಬುದು ಅವರ ಭಾವನೆ. ಬೆತ್ತಲೆಯನ್ನು ಮುಚ್ಚಲು ಬೊಂತೆ ಬಂದಿತೆಂಬ ಕಥೆಯನ್ನು ಪಾಠ ಹೇಳಿದ್ದ ನನಗೆ, ಬೊಂತೆಗೂ ಬೆತ್ತಲೆಯುಂಟು ಎಂಬ ಮಾತು ಹೊಸದಾಗಿತ್ತು.

ಇನ್ನು ಯಂತ್ರದ ವಿಚಾರ. ಐಸಾಕ್ ಸಿಂಗರನು ತನ್ನ ಹೊಲಿಗೆ ಯಂತ್ರಕ್ಕೆ ಪೇಟೆಂಟನ್ನು ಪಡೆದದ್ದು 1851ರಲ್ಲಿ. ಅಂಚಿನ ಪಟ್ಟಿಯನ್ನು ತಾನೇ ಮಡಿಸಿ ಬಟ್ಟೆಗೆ ಕೂಡಿಸುವ ತಗಡಿನ ಸಲಕರಣೆಯೂ ಯಂತ್ರಕ್ಕೆ ಬಂದಿತು. ಇಂದು ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ನಮ್ಮ ಹೆಣ್ಣುಮಕ್ಕಳು ಅದರಲ್ಲಿ ಗಳಿಗೆಗೆ ಮಾರುಗಟ್ಟಲೆ ಅಂಚನ್ನು ಕಟ್ಟುತ್ತಾರೆ. ಯಂತ್ರವನ್ನು ನಾನು ಹಳಿಯುವವನಲ್ಲ. ಆದರೆ ಎಂಟು ಹತ್ತು ಪದರದ ಕೌದಿಯನ್ನು ಯಂತ್ರದ ಅಡಿಗೆ ತೂರಿಸಿದರೆ, ಕೆಳಗಿನ ಹಲ್ಲು ಅಡಿಯ ಪದರವನ್ನು ಮುಂದಕ್ಕೆ ಎಳೆಯುತ್ತದೆ. ಮೇಲಿನ ಪದರ ಹಿಂದೆ ಉಳಿಯುತ್ತದೆ. ಕೈಗೆ ಅದು ತಿಳಿಯುತ್ತದೆ, ಯಂತ್ರಕ್ಕೆ ತಿಳಿಯುವುದಿಲ್ಲ.

ಇದನ್ನು ನಾನು ಕಲಿತದ್ದು ನಷ್ಟದ ಬೆಲೆ ತೆತ್ತು. ಅವ್ವ ತೀರಿಕೊಂಡ ಮೇಲೆ ಆ ಕೌದಿ ನನ್ನ ಪಾಲಿಗೆ ಬಂದಿತು. ಹಸಿರು ದಡಿ ಅಲ್ಲಲ್ಲಿ ಹರಿದು ಒಳಗಿನ ಧೋತರ ಇಣುಕುತ್ತಿತ್ತು. ನಮ್ಮ ಕಡೆಯ ದರ್ಜಿಯೊಬ್ಬರಿಗೆ ಕೊಟ್ಟೆ. ಅವರು ಅಂಗಡಿಯಿಂದ ಹೊಸ ಹತ್ತಿಯ ಪಟ್ಟಿಯನ್ನು ತಂದು ಒಂದೇ ದಿನದಲ್ಲಿ ಹೊಲಿದು ಕೊಟ್ಟರು. ನೋಡಲು ಅಚ್ಚುಕಟ್ಟಾಗಿತ್ತು. ಮೊದಲ ಸಲ ಒಗೆದು ಹರವಿದಾಗ ಕೌದಿ ಗಂಗಾಳದಂತೆ ನಾಲ್ಕೂ ಬದಿ ಮೇಲಕ್ಕೆದ್ದು ಕುಳಿತಿತು. ಹಾಸಿದರೆ ನೆಲಕ್ಕೆ ಕೂರದು, ಹೊದೆದರೆ ಮೈಗೆ ಹತ್ತದು.

ಒಂದು ಭಾನುವಾರ ಅದನ್ನು ಹೆಗಲ ಮೇಲೆ ಹಾಕಿಕೊಂಡು ಆ ಬೇಲಿಯ ಬಳಿಗೆ ಹೋದೆ. ಲಿಂಗಸುಗೂರು ತಾಲ್ಲೂಕಿನ ಹೆಣ್ಣುಮಗಳೊಬ್ಬಳು, ನಲವತ್ತರ ಆಸುಪಾಸು, ಕೈಯಲ್ಲಿ ಅಂಚನ್ನು ತಿರುವಿ ನೋಡಿ ಹೇಳಿದಳು: ‘ಕಾಕಾರ, ಈ ಪಟ್ಟಿ ನೀರ ಕಂಡಿದ್ದಿಲ್ಲ. ಕೌದಿ ನೀರ ಕುಡದು ಕುಡದು ಕುಗ್ಗೂದು ಬಿಟ್ಟು ಭಾಳ ವರ್ಷ ಆತು. ಹೊಸಾದು ಕುಗ್ಗಿದ್ರ ಹಳೇದು ಎಲ್ಲಿಗೆ ಹೋಗಬೇಕ್ರಿ?’

ಹಳೆಯ ಉಡುಗೆಗೆ ಹೊಸ ಬಟ್ಟೆಯ ತೇಪೆಯನ್ನು ಹಾಕಬೇಡಿರೆಂಬ ಎಚ್ಚರಿಕೆ ಬೈಬಲಿನ ಮತ್ತಾಯನ ಸುವಾರ್ತೆಯಲ್ಲಿ ಬರುತ್ತದೆ. ಅದನ್ನು ಅಧ್ಯಾತ್ಮದ ಮಾತೆಂದು ಓದಿದ್ದೆನೇ ಹೊರತು ಹೊಲಿಗೆಯ ಮಾತೆಂದು ಓದಿರಲಿಲ್ಲ. ಅವ್ವ ಹಳೆಯ ಸೀರೆಯ ದಡಿಯನ್ನೇ ಏಕೆ ಆರಿಸುತ್ತಿದ್ದಳು ಎಂಬುದೂ ಆಗ ತಿಳಿಯಿತು. ಬಡತನಕ್ಕೆ ಎಂದುಕೊಂಡಿದ್ದೆ.

ಆಕೆ ಅಲ್ಲಿಯೇ ಕುಳಿತು ಪಟ್ಟಿಯನ್ನು ಬಿಚ್ಚತೊಡಗಿದಳು. ಒಳಗೆ ಅವ್ವನ ಹಸಿರು ದಡಿ ಹಾಗೆಯೇ ಇದ್ದಿತು. ದರ್ಜಿ ಅದನ್ನು ತೆಗೆಯುವ ಗೋಜಿಗೆ ಹೋಗಿರಲಿಲ್ಲ. ಈಕೆಯೂ ತೆಗೆಯಲಿಲ್ಲ. ‘ಇರಲಿ ಬಿಡ್ರಿ, ಹೊಸಾದಕ್ಕ ಬಲಾ ಆಗ್ತೈತಿ’ ಎಂದಳು. ಮೂಲೆಯ ಮಡಿಕೆಯನ್ನು ಬೆರಳಿನಿಂದ ನೀವಿ, ಇದನ್ನು ಹೊಲಿದವರು ಯಾರೆಂದು ಕೇಳಿದಳು. ಹೇಳಿದೆ. ಇನ್ನು ಬೇಕಾದದ್ದು ನೀರು ಕಂಡ ಹಳೆಯ ದಡಿ. ಮನೆಯಲ್ಲಿ ಅಂಥದು ಒಂದೇ ಇದ್ದಿತು. ಪೆಟ್ಟಿಗೆಯಲ್ಲಿ ಬೇವಿನ ಎಲೆಯ ನಡುವೆ ಇಟ್ಟಿದ್ದ, ಅವ್ವ ಕೊನೆಗಾಲದಲ್ಲಿ ಉಡುತ್ತಿದ್ದ ಚಿಕ್ಕಿ ಪರಾಸದ ಸೀರೆ.

ಎರಡು ವಾರ ನಾನು ಅತ್ತ ಹೋಗಲಿಲ್ಲ. ಕೌದಿ ಆಕೆಯ ಶೆಡ್ಡಿನಲ್ಲಿಯೇ ಇತ್ತು. ಮೂರನೆಯ ಭಾನುವಾರ ಆಕೆಯೇ ಮನೆಗೆ ಬಂದಳು. ನನ್ನ ಹೆಂಡತಿ ಸೀರೆಯನ್ನು ತಂದು ಮುಂದಿಟ್ಟಳು. ನಾನು ಏನನ್ನೂ ಹೇಳದಿರುವುದನ್ನು ಕಂಡು ಆ ಹೆಣ್ಣುಮಗಳು, ‘ಪೆಟ್ಟಿಗ್ಯಾಗ ಇಟ್ರ ಹುಳದ ಪಾಲು, ಕಾಕಾರ’ ಎಂದಳು. ಕತ್ತರಿಯನ್ನು ನನ್ನ ಕಡೆಗೆ ಚಾಚಿದಳು. ನೇಕಾರ ಕೂಡಿಸಿದ್ದನ್ನು ದಡಿಯ ಒಳಗೆರೆಯುದ್ದಕ್ಕೂ ಕತ್ತರಿಸುತ್ತ ಹೋದೆ. ಹದಿನಾರು ಮೊಳ ಮುಗಿಯುವುದಕ್ಕೆ ಬಹಳ ಹೊತ್ತು ಹಿಡಿಯಿತು.

ಆ ದಿನ ಮತ್ತು ಮುಂದಿನ ಭಾನುವಾರ ನಮ್ಮ ಪಡಸಾಲೆಯಲ್ಲಿಯೇ ಕುಳಿತು ಹೊಲಿದಳು. ಕೂಲಿಯನ್ನು ಕೇಳಿ ಪಡೆದುಕೊಂಡಳು, ಗಾರೆಯ ಕೆಲಸದ ಎರಡು ದಿನದ ಕೂಲಿ. ಅದಕ್ಕೆ ಕಡಿಮೆಯೂ ಅಲ್ಲ, ಹೆಚ್ಚೂ ಅಲ್ಲ. ಮೂರು ಮೂಲೆಗಳು ಮುಗಿದು ನಾಲ್ಕನೆಯದು ಇನ್ನೇನು ಮುಚ್ಚಬೇಕು ಎನ್ನುವಾಗ ಸೂಜಿಯನ್ನು ನಿಲ್ಲಿಸಿ, ‘ಮನ್ಯಾಗ ರೊಟ್ಟಿ ಐತೇನ್ರಿ?’ ಎಂದು ಕೇಳಿದಳು. ಆಕೆಗೆ ಹಸಿವಾಗಿರಬೇಕೆಂದು ನನ್ನ ಹೆಂಡತಿ ಒಳಗೆದ್ದಳು. ನನಗೆ ಮಾತ್ರ ತಟ್ಟನೆ ನೆನಪಾಯಿತು. ಕೊನೆಯ ಮೂಲೆಯನ್ನು ಮುಚ್ಚುವ ಮುನ್ನ ಅವ್ವನೂ ಅದರೊಳಗೆ ಒಂದು ಚೂರು ರೊಟ್ಟಿಯನ್ನು ಇಟ್ಟು ಹೊಲಿಯುತ್ತಿದ್ದಳು, ಹೊದ್ದವರು ಹಸಿಯಬಾರದೆಂದು. ಮನೆಯಲ್ಲಿ ಅಂಗಡಿಯಿಂದ ತಂದ ಖಡಕ್ ಜೋಳದ ರೊಟ್ಟಿಯ ಪೊಟ್ಟಣವೊಂದಿತ್ತು. ಆಕೆ ಅದರಿಂದ ಉಗುರಿನಷ್ಟು ಮುರಿದುಕೊಂಡು, ಹಸಿರು ದಡಿಗೂ ಹೊಸ ದಡಿಗೂ ನಡುವೆ ಇಟ್ಟು, ಮಡಿಕೆಯನ್ನು ಇಳಿಸಿದಳು.